ನಿನ್ನ ಹೆಸರೂ ಆ ಪಟ್ಟಿಯಲ್ಲಿತ್ತು

ಪ್ರೀತಿಯ ಗೆಳೆಯಾ,

ಒಂದು ತಿಂಗಳಿನಿಂದ ನಿನ್ನ ಜೊತೆ ಮಾತಾಡಿಲ್ಲ. ನೀನು ಎರಡು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೆಲಸ ಜಾಸ್ತಿ ಅಂತ ಮೆಸೇಜ್ ಹಾಕಿದೆ. ಕೆಲಸ ಇದ್ದದ್ದು ನಿಜ. ಆದರೆ ಫೋನ್ ಎತ್ತದೇ ಇದ್ದದ್ದು ಅದಕ್ಕಲ್ಲ ಕಣೋ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ ಅಂತ ಗೊತ್ತಿತ್ತು. ಹಾಗಾಗಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆ ಯಾಕೆ ಹಾಕಿದೆ ಅಂತ ನೀನು ಬೈಯಬಹುದು. ಕಾರಣ ಇದೆ, ಆಮೇಲೆ ಹೇಳುತ್ತೇನೆ. ಛತ್ರಿಯ ವಿಷಯ ಎತ್ತುವುದಿಲ್ಲ, ಧೈರ್ಯವಾಗಿ ಓದು.

ಈ ತಿಂಗಳು ಪೂರ್ತಿ ದ್ವೇಷದ ಬಗ್ಗೆ ಓದಿದೆ. ನಿದ್ದೆ ಬಾರದ ರಾತ್ರಿ ಎದ್ದು ಕೂತು ಓದಿದೆ. ಕೋಪ ಜಾಸ್ತಿಯಾದರೆ ಅದೇ ದ್ವೇಷ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲವಂತೆ. ಸುಮಾರು 2,300 ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಿದ್ದಾನೆ. ಕೋಪ ಬರುವುದು ಒಬ್ಬ ಮನುಷ್ಯನ ಮೇಲೆ, ಅವನು ನಮಗೆ ಏನೋ ಮಾಡಿದ್ದಕ್ಕೆ. ದ್ವೇಷಕ್ಕೆ ಅಷ್ಟೆಲ್ಲ ಬೇಕಿಲ್ಲ, ಅದು ಒಂದಿಡೀ ಗುಂಪಿನ ಮೇಲೂ ಹುಟ್ಟುತ್ತದೆ. ಕೋಪ ದಿನ ಕಳೆದಂತೆ ಇಳಿಯುತ್ತದೆ, ದ್ವೇಷ ಇಳಿಯುವುದಿಲ್ಲ. ಕೋಪ ಬಂದವನಿಗೆ ಎದುರಿನವನು ತನ್ನ ಹಾಗೇ ನೋಯಬೇಕು. ದ್ವೇಷ ಇದ್ದವನಿಗೆ ಅವನು ಇರಲೇಬಾರದು.

ಈ ಕೊನೆಯ ಮಾತು ಓದಿ ಲೈಟ್ ಆರಿಸಿದೆ. ಆದರೂ ನಿದ್ದೆ ಬರಲಿಲ್ಲ.

ನನ್ನ ಹಳೇ ಆಫೀಸಿನ ಆ ಮನುಷ್ಯ ನಿನಗೆ ನೆನಪಿರುತ್ತಾನೆ. ನಾನು ಆರು ತಿಂಗಳು ಕಷ್ಟಪಟ್ಟು ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕಿಕೊಂಡವನು. ಆಗ ರಾತ್ರಿ ಎರಡು ಗಂಟೆಯವರೆಗೂ ನನ್ನ ಗೋಳು ಕೇಳಿದವನು ನೀನೊಬ್ಬನೇ. ಎರಡು ವರ್ಷ ಆದ ಮೇಲೆ ನೀನೇ ಅಂದೆ, "ಈಗ ನೀನು ಅವನ ಹೆಸರೇ ಎತ್ತಲ್ಲ, ಒಳ್ಳೇದಾಯ್ತು ಬಿಡು" ಅಂತ. ನಾನೂ ಹೌದು ಅಂದೆ. ಅದು ಸುಳ್ಳು. ಬಾಯಲ್ಲಿ ಬರುತ್ತಿರಲಿಲ್ಲ ಅಷ್ಟೇ, ಒಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನ ಫೋಟೋ ಹುಡುಕುತ್ತಿದ್ದೆ. ಎರಡು ಬೆರಳಲ್ಲಿ ದೊಡ್ಡದು ಮಾಡಿ, ಹಣೆಯ ಮೇಲೆ ಕೂದಲು ಎಷ್ಟು ಹಿಂದೆ ಹೋಗಿದೆ, ಕಣ್ಣಿನ ಕೆಳಗೆ ಎಷ್ಟು ಕಪ್ಪಾಗಿದೆ ಅಂತ ನೋಡುತ್ತಿದ್ದೆ. ಹೋದ ವರ್ಷ ಅವನ ಕೆಲಸ ಹೋಯಿತು ಅಂತ ಕಿವಿಗೆ ಬಿತ್ತು. ಅವನಿಗೆ ಇಬ್ಬರು ಸಣ್ಣ ಮಕ್ಕಳು. ಅವತ್ತು ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನು ಮನೆಯಲ್ಲೂ ಹೇಳಿಲ್ಲ.

2008ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮಿದುಳು ವಿಜ್ಞಾನಿ ಸೆಮಿರ್ ಝೆಕಿ ಮತ್ತು ಜೊತೆಯವರು 17 ಜನರನ್ನು ಕರೆಸಿ, ಅವರು ದ್ವೇಷಿಸುವವರ ಮುಖ ತೋರಿಸಿ, ಮಿದುಳನ್ನು ಸ್ಕ್ಯಾನ್ ಮಾಡಿದ್ದರು. ಹೆಚ್ಚಿನವರು ಆರಿಸಿಕೊಂಡದ್ದು ಹಳೇ ಪ್ರೇಮಿಯನ್ನು, ಇಲ್ಲವೇ ಕೆಲಸದ ಜಾಗದ ಎದುರಾಳಿಯನ್ನು. ಆಗ ಚುರುಕಾದ ಜಾಗಗಳಲ್ಲಿ ಎರಡು, ಪ್ರೀತಿಸುವವರ ಮುಖ ನೋಡಿದಾಗಲೂ ಚುರುಕಾಗುವಂಥವು. ವ್ಯತ್ಯಾಸ ಇನ್ನೊಂದು ಕಡೆ. ಪ್ರೀತಿಯಲ್ಲಿ ಇದ್ದಾಗ ಎದುರಿನವರನ್ನು ಅಳೆದು ತೂಗುವ ಮಿದುಳಿನ ದೊಡ್ಡ ಭಾಗವೇ ಮಂಕಾಗುತ್ತದೆ. ದ್ವೇಷದಲ್ಲಿ ಆ ಭಾಗ ಹೆಚ್ಚುಕಡಿಮೆ ಎಚ್ಚರವಾಗೇ ಇರುತ್ತದೆ, ಲೆಕ್ಕ ಹಾಕುತ್ತಿರುತ್ತದೆ. ಒಂದು ಫೋಟೋವನ್ನು ರಾತ್ರಿ ಹೊತ್ತು ಅಷ್ಟು ಗಮನ ಇಟ್ಟು ನಾನು ನೋಡುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವನಿಗೆ ಕೊಟ್ಟಷ್ಟು ಗಮನವನ್ನು ನನ್ನ ಮನೆಯವರಿಗೂ ಕೊಟ್ಟಿಲ್ಲ.

ಇಲ್ಲಿಗೇ ನಿಂತಿದ್ದರೆ ಅದು ನನ್ನ ಒಬ್ಬನ ರೋಗ. ನಿಲ್ಲಲಿಲ್ಲ. ಯಾವಾಗಲೋ, ಯಾವ ದಿನ ಅಂತ ಹೇಳಲಾರೆ, "ಅವನು" ಹೋಗಿ "ಅವರು" ಬಂತು. ನಮ್ಮ ಭಾಷೆಯಲ್ಲಿ ದೊಡ್ಡವರಿಗೆ ಗೌರವ ಕೊಡುವುದಕ್ಕೂ ಅದೇ "ಅವರು", ಒಂದಿಡೀ ಜನವನ್ನು ಒಟ್ಟಿಗೆ ಕಟ್ಟಿ ಪಕ್ಕಕ್ಕೆ ಎಸೆಯುವುದಕ್ಕೂ ಅದೇ "ಅವರು". ಅವನು ಹಾಗೆ ಮಾಡಿದ ಅನ್ನುತ್ತಿದ್ದವನು, ಅವರೇ ಹಾಗೆ ಅನ್ನಲು ಶುರು ಮಾಡಿದೆ. ಅವನು ಮೋಸ ಮಾಡಿದ್ದಕ್ಕೂ ಅವನು ಯಾವ ಮನೆಯಲ್ಲಿ ಹುಟ್ಟಿದ ಅನ್ನುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೆ ಅವರೇ ಹಾಗೆ ಅಂದ ಕೂಡಲೇ ನನ್ನ ಸಣ್ಣ ಜಗಳ ದೊಡ್ಡ ನ್ಯಾಯದ ಹಾಗೆ ಕಾಣತೊಡಗಿತು. ತಲೆ ಆಡಿಸುವವರೂ ಸಿಕ್ಕರು. ಒಬ್ಬನೇ ಹಲ್ಲು ಕಚ್ಚಿಕೊಂಡು ಕೂತಿದ್ದವನಿಗೆ ಜೊತೆ ಸಿಕ್ಕಿತು. ಇದು ನಿನಗೆ ವಿಚಿತ್ರ ಅನ್ನಿಸಬಹುದು, ದ್ವೇಷ ನನ್ನನ್ನು ಒಂಟಿ ಮಾಡಲಿಲ್ಲ, ಗೆಳೆಯರನ್ನು ಕೊಟ್ಟಿತು.

ಹೆನ್ರಿ ತಾಜ್ಫೆಲ್ ಅನ್ನುವವರ ಬಗ್ಗೆ ಓದಿದೆ. ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಯುದ್ಧಕೈದಿಯಾಗಿ ಸಿಕ್ಕವರು. ವಾಪಸ್ ಬರುವಷ್ಟರಲ್ಲಿ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಮುಂದೆ ಅವರು ಮನಶ್ಶಾಸ್ತ್ರಜ್ಞರಾಗಿ ಬ್ರಿಸ್ಟಲ್‌ನಲ್ಲಿ ಒಂದು ಪ್ರಯೋಗ ಮಾಡಿದರು, ಅದು 1970ರಲ್ಲಿ ಪ್ರಕಟವಾಯಿತು. ಹದಿನಾಲ್ಕು ಹದಿನೈದು ವರ್ಷದ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ಪರದೆಯ ಮೇಲಿನ ಚುಕ್ಕಿಗಳನ್ನು ಜಾಸ್ತಿ ಎಣಿಸಿದವರು, ಕಡಿಮೆ ಎಣಿಸಿದವರು, ಅಷ್ಟೇ. ನಿಜ ಹೇಳಬೇಕೆಂದರೆ ಅದೂ ಇಲ್ಲ, ಸುಮ್ನೆ ಹಂಚಿದ್ದು. ಆಮೇಲೆ ಬೇರೆ ಹುಡುಗರಿಗೆ ಸ್ವಲ್ಪ ದುಡ್ಡು ಹಂಚಿ ಅಂದರು. ದುಡ್ಡು ಸಿಗುವವನು ಯಾವ ಗುಂಪಿನವನು ಅನ್ನುವುದಷ್ಟೇ ಹುಡುಗರಿಗೆ ಗೊತ್ತಿತ್ತು, ಯಾರು ಅಂತ ಗೊತ್ತಿರಲಿಲ್ಲ, ಆದರೂ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಪ್ರಯೋಗ, ಅಲ್ಲಿ ಯಾವ ಚಿತ್ರ ಇಷ್ಟ ಅಂತ ಕೇಳಿ ಹುಡುಗರನ್ನು ಗುಂಪು ಮಾಡಿದ್ದರು. ತಮ್ಮ ಗುಂಪಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ಗುಂಪಿಗಿಂತ ಎಷ್ಟು ಮೇಲೆ ಇರುತ್ತೇವೆ ಅನ್ನುವುದೇ ಅವರಿಗೆ ಮುಖ್ಯವಾಗಿತ್ತು. ಅಂದರೆ ನಮಗೆ ನಷ್ಟವಾದರೂ ಸರಿ, ಅವರಿಗೆ ಇನ್ನೂ ಜಾಸ್ತಿ ನಷ್ಟವಾಗಲಿ. ಆ ಹುಡುಗರು ಕೆಟ್ಟವರಲ್ಲ ಕಣೋ. ಚುಕ್ಕಿ ಎಣಿಸಿದ್ದರು, ಚಿತ್ರ ನೋಡಿದ್ದರು, ಅಷ್ಟೇ.

ಈಗ ಆ ದಿನಕ್ಕೆ ಬರುತ್ತೇನೆ. ಸಂಜೆ ಒಂದು ಮೆಸೇಜ್ ಬಂತು. ಅವರ ಬಗ್ಗೆ. ಒಂದು ಫೋಟೋ, ಕೆಳಗೆ ಹತ್ತು ಸಾಲು, ಕೊನೆಗೆ ಎಲ್ಲರಿಗೂ ತಲುಪಿಸಿ ಅಂತ. ನಾನು ಪೂರ್ತಿ ಓದಲೂ ಇಲ್ಲ. ನೋಡಿದ್ರಾ, ನಾನು ಹೇಳಿರಲಿಲ್ವಾ ಅನ್ನುವ ಒಂದು ಬಿಸಿ ಎದೆಯಲ್ಲಿ ಎದ್ದಿತು. ಅದು ಖುಷಿಯೇ, ಬೇರೆ ಹೆಸರು ಕೊಡಲಾರೆ. ಹಬ್ಬಕ್ಕೆ ಶುಭಾಶಯ ಕಳಿಸಲು ಮಾಡಿಟ್ಟಿದ್ದ ನನ್ನ ಬ್ರಾಡ್‌ಕಾಸ್ಟ್ ಲಿಸ್ಟ್ ಒತ್ತಿದೆ. 41 ಜನ. ಮೂರು ಸೆಕೆಂಡ್ ಹಿಡಿಯಿತು.

ಆ ಪಟ್ಟಿಯಲ್ಲಿ ನೀನಿದ್ದೆ.

ನೀನೂ "ಅವರೇ" ಅನ್ನುವುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ. ಮಾರನೇ ದಿನ ಮಗಳ ಹುಟ್ಟುಹಬ್ಬ. ಪ್ರತಿ ವರ್ಷದ ಹಾಗೆ ಬೆಳಗ್ಗೆ ಆರಕ್ಕೇ ನಿನ್ನ ಮೆಸೇಜ್ ಬಂತು. "ನನ್ನ ಪುಟ್ಟ ಗೆಳತಿಗೆ" ಅಂತ, ಜೊತೆಗೆ ಒಂದು ಒಗಟು. ಓದಲು ತೆರೆದೆ. ಮೇಲೆ ನಾನು ಕಳಿಸಿದ್ದು, ಅದರ ಕೆಳಗೆ ನೀನು ಕಳಿಸಿದ್ದು. ನಡುವೆ ಒಂದು ಬೆರಳು ಅಗಲದ ಜಾಗವೂ ಇರಲಿಲ್ಲ. ನನ್ನದರ ಪಕ್ಕ ಎರಡು ನೀಲಿ ಗೆರೆ. ನೀನು ಓದಿದ್ದೆ. ಓದಿ, ಒಂದು ಮಾತೂ ಆಡದೆ, ನನ್ನ ಮಗಳಿಗೆ ಒಗಟು ಕಳಿಸಿದ್ದೆ.

ಆಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ, ಈ ಸಲ ನಿಜವಾಗಿ ನೋಡಿದೆ. ಮೂಲೆಯಲ್ಲಿ ಒಂದು ಬೋರ್ಡ್, ಅದರ ಮೇಲೆ ನಾವಿಬ್ಬರೂ ಓದಲಾಗದ ಲಿಪಿ. ಯಾವುದೋ ದೇಶದ್ದು, ಎಷ್ಟೋ ವರ್ಷ ಹಳೆಯದು. ಆದರೆ ಅದು ನಿಜವಾಗಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ ಅಲ್ವಾ?

ಆಗ ಇನ್ನೊಂದು ನೆನಪಾಯಿತು. ತುಂಬಾ ಹಿಂದಿನದು. ಆಟ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಯಾವುದೋ ಮಾತಿಗೆ "ನೀನು ಅವರ ಥರ ಅಲ್ಲ ಬಿಡು" ಅಂದೆ. ಹೊಗಳಿದೆ ಅಂತಲೇ ಅಂದುಕೊಂಡಿದ್ದೆ. ನೀನು ಶೂ ಲೇಸ್ ಕಟ್ಟುತ್ತಿದ್ದೆ. ನಿನ್ನ ಕೈ ಒಂದು ಕ್ಷಣ ನಿಂತಿತು. ಲೇಸಿನ ಎರಡೂ ತುದಿ ಬೆರಳಲ್ಲೇ ಇತ್ತು. ಮತ್ತೆ ಕಟ್ಟಿದೆ, ಎದ್ದೆ, ಬೇರೆ ಏನೋ ಮಾತಾಡಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೊಂದು ಹೆಸರು ಇಟ್ಟಿದ್ದಾರೆ, ಮತ್ತೆ ಬೇಲಿ ಹಾಕುವುದು ಅಂತ. ನಮ್ಮ ಪೂರ್ವಗ್ರಹಕ್ಕೆ ಹೊಂದದ ಒಬ್ಬ ಮನುಷ್ಯ ಕಣ್ಣೆದುರು ಬಂದರೆ ಪೂರ್ವಗ್ರಹ ಬಿಡುವುದಿಲ್ಲ, ಅವನೊಬ್ಬನನ್ನು ಬೇರೆ ಮಾಡಿ ಬೇಲಿಯನ್ನು ಮೊದಲಿನ ಹಾಗೆ ಮುಚ್ಚುತ್ತೇವೆ. ನಿನ್ನ ಅಪ್ಪ, ನಿನ್ನ ಅಕ್ಕ, ನಿನ್ನ ಮಗ, ಎಲ್ಲರನ್ನೂ ಆಚೆ ಬಿಟ್ಟು ನಿನ್ನೊಬ್ಬನನ್ನೇ ಒಳಗೆ ಕರೆದಿದ್ದೆ. ಇಪ್ಪತ್ತು ವರ್ಷ ಅದನ್ನೇ ಗೆಳೆತನ ಅಂದುಕೊಂಡಿದ್ದೆ.

ಅದೇ ಆಲ್‌ಪೋರ್ಟ್ ಐದು ಮೆಟ್ಟಿಲು ಹೇಳುತ್ತಾರೆ. ಮೊದಲು ಬಾಯಲ್ಲಿ ಆಡಿಕೊಳ್ಳುವುದು. ಆಮೇಲೆ ದೂರ ಇಡುವುದು. ಆಮೇಲೆ ಸಿಗಬೇಕಾದ್ದನ್ನು ತಪ್ಪಿಸುವುದು. ಆಮೇಲೆ ಕೈ ಮಾಡುವುದು. ಕೊನೆಗೆ ಇಲ್ಲವಾಗಿಸುವುದು. ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ ಇರುತ್ತಾರೆ, ಆದರೆ ಒಂದು ಮೆಟ್ಟಿಲ ಮೇಲೆ ನಿಂತ ಅಭ್ಯಾಸ ಮುಂದಿನದನ್ನು ಸುಲಭ ಮಾಡುತ್ತದೆ. ಓದುವಾಗ ನಾನು ಮೊದಲನೆಯದರಲ್ಲೇ ಇದ್ದೇನೆ ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ಆ ಅರ್ಜಿ ನೆನಪಾಯಿತು. ಹೋದ ವರ್ಷ ನಮ್ಮ ತಂಡಕ್ಕೆ ಒಬ್ಬರನ್ನು ಆರಿಸುವ ಕೆಲಸ ನನ್ನದಾಗಿತ್ತು. ಒಂದು ಅರ್ಜಿಯ ಮೇಲಿನ ಹೆಸರು ನೋಡಿದೆ, ಪಕ್ಕಕ್ಕೆ ಇಟ್ಟೆ. ಒಳಗಿನ ಹಾಳೆ ತಿರುಗಿಸಲಿಲ್ಲ. ಯಾರೂ ಕೇಳಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಆ ಹುಡುಗಿಗೂ ಗೊತ್ತಿರುವುದಿಲ್ಲ. ಅದು ಮೂರನೇ ಮೆಟ್ಟಿಲು. ಇದನ್ನು ಬರೆಯಬೇಕು ಅಂತ ಇರಲಿಲ್ಲ ಕಣೋ. ಮೆಸೇಜಿನ ವಿಷಯ ಹೇಳಿ ಮುಗಿಸೋಣ ಅಂತಿದ್ದೆ.

ಐದನೇ ಮೆಟ್ಟಿಲು ಎಲ್ಲೋ ರಾಕ್ಷಸರಿರುವ ಊರಲ್ಲಿ ಇದೆ ಅಂತ ನಾನು ನಂಬಿದ್ದೆ. 1994ರಲ್ಲಿ ರುವಾಂಡಾದಲ್ಲಿ ಸುಮಾರು 100 ದಿನಗಳಲ್ಲಿ ಅಂದಾಜು 8 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿಗಳು, ಅಲ್ಲಿನ ಒಂದು ಸಮುದಾಯದವರು. ಕೊಂದವರಲ್ಲಿ ಅಕ್ಕಪಕ್ಕದ ಮನೆಯವರೇ ಎಷ್ಟೋ ಜನ, ಮಾತಾಡುವ ಭಾಷೆ ಒಂದೇ. ಹಿಂದಿನ ವರ್ಷ ಅಲ್ಲೊಂದು ಹೊಸ ರೇಡಿಯೋ ಶುರುವಾಗಿತ್ತು. ಒಳ್ಳೆ ಹಾಡು, ತಮಾಷೆ, ಹರಟೆ. ಜನ ಇಷ್ಟಪಟ್ಟು ಕೇಳುತ್ತಿದ್ದರು. ಹಾಡುಗಳ ನಡುವೆ ಟುಟ್ಸಿಗಳನ್ನು ಜಿರಳೆ ಅನ್ನುತ್ತಿದ್ದರು. ಕೊಲೆಗಳು ಶುರುವಾದ ಮೇಲೆ ಅದೇ ರೇಡಿಯೋದಲ್ಲಿ ಹೆಸರು ಓದಿದರು, ಎಲ್ಲಿದ್ದಾರೆ ಅಂತ ಹೇಳಿದರು. ಅಲ್ಲೂ ಒಂದು ಪಟ್ಟಿ. ಅದಕ್ಕೂ ನನ್ನ ಮೂರು ಸೆಕೆಂಡಿಗೂ ಹೋಲಿಕೆ ಮಾಡುತ್ತಿಲ್ಲ, ಸತ್ತವರಿಗೆ ಅದು ಅವಮಾನ. ಆದರೆ ಆ ರೇಡಿಯೋ ಕೇಳಿ ನಕ್ಕವರಿಗೂ ಎದೆಯಲ್ಲಿ ಅಂಥದ್ದೇ ಒಂದು ಬಿಸಿ ಎದ್ದಿರಬೇಕು ಅಂತ ಅನ್ನಿಸುತ್ತದೆ.

ಆಮೇಲೆ ಅಲ್ಲಿ ಊರೂರಲ್ಲಿ ಗಚಾಚಾ ಅನ್ನುವ ನ್ಯಾಯಸಭೆಗಳು ನಡೆದವು, 2012ರವರೆಗೆ. ಸುಮಾರು 12 ಸಾವಿರ ಸಭೆಗಳು, 10 ಲಕ್ಷಕ್ಕೂ ಜಾಸ್ತಿ ಪ್ರಕರಣಗಳು. ತಪ್ಪು ಒಪ್ಪಿಕೊಳ್ಳುವವರು ಊರವರ ಎದುರೇ ನಿಂತು ಒಪ್ಪಿಕೊಳ್ಳಬೇಕಿತ್ತು. ಅದರಲ್ಲೂ ಕೊರತೆಗಳಿದ್ದವು ಅಂತ ಹೇಳುವವರಿದ್ದಾರೆ, ಇರಲಿ. ನನಗೆ ಹಿಡಿಸಿದ್ದು ಆ ಎದುರಿಗೆ ನಿಲ್ಲುವ ಮಾತು. ಈ ಪತ್ರ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿದ್ದು ಅದಕ್ಕೇ. ಆ ಮೆಸೇಜನ್ನು 41 ಜನರಿಗೆ ಕಳಿಸಿದವನು, ನಿನ್ನ ಕಿವಿಯಲ್ಲಿ ಮೆಲ್ಲಗೆ ಕ್ಷಮಿಸು ಅಂದು ಜಾರಿಕೊಂಡರೆ ಅದು ಇನ್ನೊಂದು ಮೋಸ. ಉಳಿದ 40 ಜನರಿಗೆ ಅದು ಸುಳ್ಳು, ಕಳಿಸಿದ್ದು ನನ್ನ ತಪ್ಪು ಅಂತ ಅವತ್ತೇ ಬರೆದೆ. ಆರು ಜನ ಉತ್ತರ ಕೊಟ್ಟರು. ಇಬ್ಬರು ಜಗಳಕ್ಕೆ ಬಂದರು. ನಿನಗೆ ಮಾತ್ರ ಬರೆಯಲು ಒಂದು ತಿಂಗಳು ಬೇಕಾಯಿತು.

ಕ್ಷಮಿಸು. ಮೆಸೇಜಿಗೆ, ಮತ್ತೆ ಆ ಮೆಟ್ಟಿಲ ಮೇಲೆ ಆಡಿದ ಮಾತಿಗೆ. ಆ ಮಾತಿಗೇ ಜಾಸ್ತಿ.

ಸಾಕು ಇವತ್ತಿಗೆ, ಇನ್ನೂ ಬರೆದರೆ ಇನ್ನೇನು ಹೊರಗೆ ಬರುತ್ತದೋ. ನಿನ್ನ ಒಗಟು ಇನ್ನೂ ಬಿಡಿಸಿಲ್ಲ ಅವಳು. ನನಗೆ ಉತ್ತರ ಗೊತ್ತು, ಆದರೆ ಹೇಳಬಾರದಂತೆ, ಮಾಮನ ಹತ್ತಿರವೇ ಹೇಳಬೇಕಂತೆ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ನೀನು ಎತ್ತದಿದ್ದರೆ ಸೋಮವಾರ ಮಾಡುತ್ತೇನೆ. ಬೈಯುವುದಿದ್ದರೆ ಅವಳು ಮಲಗಿದ ಮೇಲೆ ಬೈ, ಫೋನ್ ಕಿತ್ತುಕೊಂಡು ಸ್ಪೀಕರ್ ಹಾಕಿಬಿಡುತ್ತಾಳೆ. ಛತ್ರಿ ಬಾಗಿಲ ಹಿಂದೆಯೇ ಇದೆ, ಯಾರಿಗೂ ಕೊಟ್ಟಿಲ್ಲ.

ನಿನ್ನವನೇ