ಹಳೇ ಕಾರು ಕೊಳ್ಳುವ ಮೊದಲು ಇನ್ಶೂರೆನ್ಸ್ ಕಾಗದ ನೋಡು

ಚಿ. ಸೌ. ಮೇಘನಾಳಿಗೆ ಸೋದರಮಾವನ ಆಶೀರ್ವಾದಗಳು.

ಹಳೇ ಕಾರೊಂದನ್ನು ಗೊತ್ತು ಮಾಡಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಇಂಜಿನ್, ಟೈರು ನೋಡಲು ಮೆಕ್ಯಾನಿಕ್ ಇದ್ದಾನೆ. ಇನ್ಶೂರೆನ್ಸ್ ಕಾಗದ ಮಾತ್ರ ನೀನೇ ಓದಬೇಕು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಅದು ನಿನ್ನ ಕಾರಿನ ರಕ್ಷಣೆಗಲ್ಲ, ನಿನ್ನ ಕಾರಿನಿಂದ ಏಟು ತಿಂದವರಿಗಾಗಿ. ಸಾವು, ಗಾಯಕ್ಕೆ ಕೋರ್ಟು ಹೇಳಿದಷ್ಟನ್ನೂ ಕಂಪನಿ ಕಟ್ಟುತ್ತದೆ. ಬೇರೆಯವರ ಆಸ್ತಿ ಹಾಳಾದರೆ ಸಾಮಾನ್ಯವಾಗಿ 7.5 ಲಕ್ಷದವರೆಗೆ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ದಂಡ 4,000. ನನಗೆ ದಂಡದ ಚಿಂತೆಯಿಲ್ಲ. ದುಡಿಯುವ ಮನುಷ್ಯನೊಬ್ಬ ತೀರಿಕೊಂಡರೆ ಆ ಮನೆಯವರಿಗೆ ಕೊಡಬೇಕಾದ ಲಕ್ಷಾಂತರ ರೂಪಾಯಿ ನಿನ್ನ ತಲೆಯ ಮೇಲೆ ಬರುತ್ತದೆ, ಅದರ ಚಿಂತೆ.

ಇನ್ನೊಂದು ಮಾತು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿನ್ನ ಕಾರಿನೊಳಗೆ ಕೂತ ಅಮ್ಮ, ತಮ್ಮನಿಗೆ ಅದರಿಂದ ಪರಿಹಾರ ಸಿಗುವುದಿಲ್ಲ. ಅದಕ್ಕೇ ಥರ್ಡ್ ಪಾರ್ಟಿಯ ಜೊತೆ ನಿನ್ನ ಕಾರಿನ ಹಾನಿಯೂ ಸೇರಿದ ಫುಲ್ ಇನ್ಶೂರೆನ್ಸ್ ಮಾಡಿಸು ಅನ್ನುವುದು.

ಬ್ರೋಕರ್ "ಇನ್ಶೂರೆನ್ಸ್ ಇದೆ" ಅಂದರೆ ಅಷ್ಟಕ್ಕೇ ಸುಮ್ಮನಾಗಬೇಡ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಒಟ್ಟಿಗೆ 3 ವರ್ಷದ ಥರ್ಡ್ ಪಾರ್ಟಿ ಮಾಡಿಸಲೇಬೇಕು; ನಿನ್ನ ಕಾರಿಗೇ ಆದ ನಷ್ಟ ತುಂಬಿಕೊಡುವ ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕಿರಬಹುದು. ಹಾಗಾಗಿ ಎರಡು ವರ್ಷದ ಕಾರಿನಲ್ಲಿ ಒಂದು ಜೀವಂತ, ಇನ್ನೊಂದು ಸತ್ತಿರುವುದು ಮಾಮೂಲು. ಎರಡರ ಕೊನೇ ದಿನಾಂಕವನ್ನೂ ಬೇರೆ ಬೇರೆಯಾಗಿ ನೋಡು. ಚಾಸಿ ನಂಬರ್, ಇಂಜಿನ್ ನಂಬರ್ ಕಾರಿನ ನೋಂದಣಿ ಪತ್ರವಾದ ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು.

ಹೆಚ್ಚಿನವರು ಎಡವುವುದು ಹೆಸರು ಬದಲಾವಣೆಯಲ್ಲಿ. ಕಾರು ಕೈಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾನೂನಿನಂತೆ ತಾನಾಗಿ ನಿನಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಬರುವುದಿಲ್ಲ. ಆರ್‌ಸಿ ನಿನ್ನ ಹೆಸರಿಗೆ ಬದಲಾಗಿ, ಪಾಲಿಸಿ ಹಳೇ ಮಾಲೀಕರ ಹೆಸರಲ್ಲೇ ಉಳಿದರೆ, ಕಾರು ನಜ್ಜುಗುಜ್ಜಾದ ದಿನ ಕಂಪನಿ ಇಬ್ಬರಿಗೂ ಕೊಡುವುದಿಲ್ಲ: ಅವರ ಕಾರಲ್ಲ, ನಿನ್ನ ಪಾಲಿಸಿಯಲ್ಲ. ಆರ್‌ಸಿ ಕಾರ್ಡ್ ಮನೆಗೆ ಬರಲಿ ಎಂದು ಕಾಯದೆ, ಕೊಂಡ 14 ದಿನದೊಳಗೆ ಮಾಲೀಕತ್ವ ಬದಲಾವಣೆಯ ಫಾರಂ 29, 30ರ ಪ್ರತಿ, ಹಳೇ ಪಾಲಿಸಿ, ಮಾರಿದವರ ಒಪ್ಪಿಗೆ ಪತ್ರ ಇಟ್ಟು ಕಂಪನಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೋ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕಾರಿನದಲ್ಲ, ಮಾಲೀಕರದು. ಅವರು ಪಡೆದಿದ್ದ ರಿಯಾಯಿತಿಯ ವ್ಯತ್ಯಾಸವನ್ನು ಉಳಿದ ಅವಧಿಗೆ ನೀನು ಕಟ್ಟಬೇಕಾಗುತ್ತದೆ. ಉಳಿಸಲು ಹೋಗಿ ಮುಚ್ಚಿಡಬೇಡ, ಕ್ಲೇಮ್ ವೇಳೆ ಅದೇ ತಕರಾರಾಗುತ್ತದೆ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆಯೂ ನಿನ್ನ ಹೆಸರಿನಲ್ಲೇ ಇರಲಿ.

ಬಿಳಿ ಬೋರ್ಡ್ ಗಾಡಿಯನ್ನು ಪರಿಚಯದವರಿಗೇ ಆದರೂ ಬಾಡಿಗೆಗೆ ಕೊಡಬೇಡ. ಡಿಎಲ್ ಇಲ್ಲದವರ ಕೈಗೆ ಕೀ ಕೊಡಲೇಬೇಡ. ಅಂಥ ಕಡೆ ಕಂಪನಿ ಗಾಯಾಳುವಿಗೆ ಕೊಟ್ಟರೂ ಆ ಹಣವನ್ನು ನಿನ್ನಿಂದ ವಸೂಲಿ ಮಾಡಬಹುದು.

ಮುಂಗಡ ಕೊಡುವ ಮೊದಲು ಪಾಲಿಸಿಯ ಎಲ್ಲ ಪುಟಗಳನ್ನೂ ವಾಟ್ಸಾಪ್‌ನಲ್ಲಿ ಕಳಿಸು, ಓದಿ ಹೇಳುತ್ತೇನೆ.

ಇತಿ,
ನಿನ್ನ ಮಾವ