ಜಿಂಕೆ ಮಾಂಸ ಕೊಟ್ಟವರನ್ನು ಗುಂಡು ಯಾವುದು ಅಂತ ಕೇಳಿ

ಸಂಪಾದಕರೇ,

ಅಮೆರಿಕದಲ್ಲಿರುವ ಕನ್ನಡಿಗರು ಜಿಂಕೆ ಮಾಂಸದ ಸಾರು, ಕೀಮಾ ಮಾಡಿ ತಿನ್ನುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿ ಬಾಯಲ್ಲಿ ನೀರು ಬಂತು. ಹಾರ್ಮೋನ್ ಇಲ್ಲ, ಆಂಟಿಬಯಾಟಿಕ್ ಇಲ್ಲ, ಅಪ್ಪಟ ಆರ್ಗ್ಯಾನಿಕ್ ಅಂತ ಹೊಗಳಿದ್ದಾರೆ. ಸರಿ, ಒಪ್ಪುತ್ತೇನೆ. ಆದರೆ ಆ ಜಿಂಕೆ ತಾನಾಗೇ ಬಂದು ಪಾತ್ರೆಗೆ ಬಿದ್ದಿಲ್ಲವಲ್ಲ. ಗುಂಡು ಹೊಡೆದಿದ್ದಾರೆ. ಸೀಸ ವಿಷ. ಗುಂಡು ಸೀಸದ್ದೋ ತಾಮ್ರದ್ದೋ ಅನ್ನುವ ಒಂದೇ ಒಂದು ಮಾತು ಇಡೀ ಪುಟದಲ್ಲಿ ಇಲ್ಲ.

ನಾನು ಕೊಡಗಿನವನು, ಹನ್ನೊಂದು ವರ್ಷದಿಂದ ಮಿನೆಸೋಟದಲ್ಲಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಅಂದರೆ ಕೈಲ್ ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ತೋಕ್ ಪೂ ಎಂಬ ಹೂವು ಮುಡಿಸಿಕೊಂಡು, ತೆಂಗಿನಕಾಯಿಗೆ ಗುರಿ ಇಡುವಷ್ಟಕ್ಕೆ. ಇಲ್ಲಿ ಹಾಗಲ್ಲ. ನವೆಂಬರ್ ಬಂದರೆ ಸಾಕು, ಆಫೀಸಿನವರು ಲೈಸೆನ್ಸ್ ತಗೊಂಡು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಕಾಡಿಗೆ ಹೋಗುತ್ತಾರೆ, ಬಂದವರು ಪಕ್ಕದ ಮನೆಗೂ ನಮ್ಮಂಥವರಿಗೂ ಪೊಟ್ಟಣ ಪೊಟ್ಟಣ ಮಾಂಸ ಹಂಚುತ್ತಾರೆ. ಒಳ್ಳೆಯ ಜನ. ಬೇಟೆಯವರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ.

ನಮ್ಮಜ್ಜನ ಕಾಲದಲ್ಲಿ ಊಟಕ್ಕೆ ಕೂತಾಗ ಚರೆ, ಅಂದರೆ ಕೋವಿಯ ತೋಟೆಯೊಳಗಿನ ಸಣ್ಣ ಸೀಸದ ಗುಂಡು, ಹಲ್ಲಿಗೆ ಸಿಕ್ಕರೆ ತಟ್ಟೆಗೆ ಟಣ್ ಅಂತ ಉಗಿಯುತ್ತಿದ್ದರಂತೆ, ಅಮ್ಮ ಈಗಲೂ ಹೇಳಿ ನಗುತ್ತಾಳೆ. ಚರೆ ಕೈಗೆ ಸಿಗುತ್ತದೆ, ಉಗಿಯಬಹುದು. ರೈಫಲ್ ಗುಂಡಿನ ಕತೆ ಬೇರೆ. ಅದು ಸೆಕೆಂಡಿಗೆ ಎರಡೂವರೆ ಮೂರು ಸಾವಿರ ಅಡಿ ವೇಗದಲ್ಲಿ ಬಂದು ಬಡಿಯುತ್ತದೆ, ಒಳಗಿರುವುದು ಮೆತ್ತನೆಯ ಸೀಸ, ಮೂಳೆಗೆ ತಾಗಿತೋ ಪುಡಿಪುಡಿ. ಆ ಪುಡಿ ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೆ ಸಿಗುವುದಿಲ್ಲ. ಎಕ್ಸ್‌ರೇ ತೆಗೆದರೆ ಮಾತ್ರ ಗಾಯದ ಸುತ್ತ ನಕ್ಷತ್ರ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. 2008ರಲ್ಲಿ ನಮ್ಮ ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರೇ ಸತ್ತ ಕುರಿಗಳ ಮೇಲೆ ಬೇರೆ ಬೇರೆ ಗುಂಡು ಹೊಡೆದು ನೋಡಿದರು. ಸೀಸದ ಚೂರು ಗಾಯದಿಂದ ಒಂದೂವರೆ ಅಡಿ ದೂರದವರೆಗೂ ಹೋಗಿತ್ತು. ಇನ್ನೊಂದು ವಿಷಯ ಗೊತ್ತಾಯಿತು, ನನಗೆ ಅದೇ ಜಾಸ್ತಿ ಆಶ್ಚರ್ಯ. ನೀರು ಹಾಕಿ ತೊಳೆದರೆ ಸೀಸ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ತೊಳೆದಾಗ ಅದು ಬೇರೆ ಕಡೆಯ ಮಾಂಸಕ್ಕೂ ಹರಡಿತು.

ಅದೇ ವರ್ಷ ಪಕ್ಕದ ನಾರ್ತ್ ಡಕೋಟದಲ್ಲಿ ಒಬ್ಬ ಡಾಕ್ಟರ್ ಬಡವರಿಗೆ ದಾನ ಕೊಟ್ಟಿದ್ದ ಜಿಂಕೆ ಕೀಮಾ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಪೊಟ್ಟಣಗಳಲ್ಲಿ ಲೋಹದ ಚೂರು. ಆ ಮಾಂಸ ಹಂಚಬೇಡಿ ಅಂತ ಸರ್ಕಾರ ಹೇಳಬೇಕಾಯಿತು. ಆಮೇಲೆ ಅಲ್ಲಿ 738 ಜನರ ರಕ್ತ ಪರೀಕ್ಷೆ ಮಾಡಿದಾಗ ಬೇಟೆ ಮಾಂಸ ತಿನ್ನುವವರಲ್ಲಿ ಸೀಸ ಸ್ವಲ್ಪ ಜಾಸ್ತಿ ಇತ್ತು. ಸ್ವಲ್ಪವೇ, ಸುಮ್ನೆ ಹೆದರಿಸಬಾರದು. ಯಾರದ್ದೂ ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ದಾಟಿರಲಿಲ್ಲ, ಆಗ ಎಚ್ಚರಿಕೆಯ ಗೆರೆ ಅದೇ. ಈಗ ಅಮೆರಿಕದಲ್ಲಿ ಮಕ್ಕಳಿಗೆ ಆ ಗೆರೆ 3.5ಕ್ಕೆ ಇಳಿದಿದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಅಳತೆಯೇ ಸಿಕ್ಕಿಲ್ಲ. ಜರ್ಮನಿಯವರು ಗರ್ಭಿಣಿಯರು, ಮಗು ಬೇಕೆಂದಿರುವವರು, ಚಿಕ್ಕ ಮಕ್ಕಳು ಸೀಸದ ಗುಂಡಿನ ಬೇಟೆ ಮಾಂಸ ತಿನ್ನಬೇಡಿ ಅಂತಲೇ ಹೇಳುತ್ತಾರೆ. ನಾವು ತಿಂದಿಲ್ವಾ, ಏನಾಗಿದೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಏನೂ ಆಗದ ಹಾಗೆ ಕಾಣುವುದೇ ಸೀಸದ ಗುಣ. ಹೊಟ್ಟೆನೋವು ಬಂದು ಮಲಗಿದ್ದರೆ ಎಲ್ಲರೂ ಎಂದೋ ಬಿಟ್ಟಿರುತ್ತಿದ್ದರು.

ನಮ್ಮ ಮನೆಗೆ ಇದು ಬಂದದ್ದು ಹೆಂಡತಿ ಎರಡನೇ ಮಗುವಿನ ಬಸುರಿಯಾಗಿದ್ದಾಗ. ಸಹೋದ್ಯೋಗಿಯೊಬ್ಬ ಪ್ರೀತಿಯಿಂದ ಹತ್ತು ಪೌಂಡ್ ಕೀಮಾ ತಂದುಕೊಟ್ಟ. ನಾನು ಊರಿನ ಪದ್ಧತಿಯಲ್ಲಿ, ಪಂದಿ ಕರಿಗೆ ಹಾಕುವ ಹಾಗೆ, ಧಾರಾಳವಾಗಿ ಕಾಚಂಪುಳಿ ಎಂಬ ನಮ್ಮೂರ ಹುಳಿ ಹಾಕಿ ಮಾಡಿದೆ. ಎರಡು ವಾರ ಅದೇ ಊಟ. ಆಮೇಲೆ ಓದಿದ್ದು: ಸ್ಪೇನಿನಲ್ಲಿ ಗೌಜಲ ಹಕ್ಕಿ ಮಾಂಸದೊಳಗೆ ಸೀಸದ ಚರೆ ಇಟ್ಟು ವಿನಿಗರ್ ಹಾಕಿ ಬೇಯಿಸಿ ನೋಡಿದ್ದಾರೆ, ಹುಳಿ ಬಿದ್ದಾಗ ಸೀಸ ಕರಗಿ ಮಾಂಸಕ್ಕೆ ಇಳಿಯುವುದು ಜಾಸ್ತಿ. ಕಾಚಂಪುಳಿಯೂ ಹುಳಿಯೇ. ಹುಣಸೆಹಣ್ಣೂ ಹುಳಿಯೇ. ನಿಮ್ಮ ಬರಹದಲ್ಲಿ ಕೊಟ್ಟ ಎರಡೂ ಅಡುಗೆ ವಿಧಾನಗಳಲ್ಲಿ ಹುಳಿ ಇದೆ. ಅದಕ್ಕೇ ಈ ಪತ್ರ.

ಸಹೋದ್ಯೋಗಿಯನ್ನು ಕೇಳಿದೆ. ಗಾಯದ ಸುತ್ತ ಚೆನ್ನಾಗಿ ಕತ್ತರಿಸಿ ಬಿಸಾಡಿದ್ದೆ ಅಂದ. ಆದರೆ ಜಿಂಕೆಯನ್ನು ಕೀಮಾ ಮಾಡಿಸಲು ಕೊಟ್ಟಿದ್ದ ಅಂಗಡಿಯಲ್ಲಿ ಹತ್ತಾರು ಜನರ ಜಿಂಕೆಗಳ ಚೂರುಪಾರು ಒಂದೇ ಯಂತ್ರಕ್ಕೆ ಹೋಗುತ್ತವೆ, ಯಾರ ಮಾಂಸ ಯಾರಿಗೆ ಅಂತ ಅವರಿಗೇ ಗೊತ್ತಿರಲಿಲ್ಲ. ಪೊಟ್ಟಣದ ಮೇಲೆ ಅವನ ಹೆಸರು ಮಾತ್ರ ಅಚ್ಚುಕಟ್ಟಾಗಿ ಬರೆದಿದ್ದರು! ಹೆಂಡತಿಯ ರಕ್ತ ಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ಏನೂ ತೊಂದರೆ ಇರಲಿಲ್ಲ. ವರದಿ ಬರುವವರೆಗೆ ನಾನು ನಿದ್ದೆ ಮಾಡಿದ್ದು ಅಷ್ಟರಲ್ಲೇ ಇದೆ.

ಇದಕ್ಕೆ ದಾರಿ ಏನು ಅಂದರೆ ತಾಮ್ರದ ಗುಂಡು. ಅದು ಪುಡಿಯಾಗುವುದಿಲ್ಲ, ಮೂತಿ ಹೂವಿನ ದಳದ ಹಾಗೆ ಅರಳಿ ಹೆಚ್ಚುಕಡಿಮೆ ಇಡಿಯಾಗಿ ಉಳಿಯುತ್ತದೆ. ಬೆಲೆ ಜಾಸ್ತಿ, ನಿಜ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ಗುಂಡು ಉದ್ದವಾಗುತ್ತದೆ, ಕೆಲವು ಹಳೆಯ ರೈಫಲ್‌ಗಳಿಗೆ ಅದು ಹಿಡಿಸುವುದಿಲ್ಲ, ವೇಗ ಕಮ್ಮಿಯಾದರೆ ಅರಳುವುದೂ ಇಲ್ಲ. ಹಾಗಾಗಿ ಸ್ವಲ್ಪ ಹಗುರದ ಗುಂಡು ಹುಡುಕಿ, ಗುರಿ ಮತ್ತೆ ಕೂರಿಸಿಕೊಳ್ಳಬೇಕು. ಬೇಟೆಯವರ ಗೊಣಗಾಟ ಪೂರ್ತಿ ಸುಳ್ಳಲ್ಲ. ಆದರೆ ಒಂದು ಸೀಸನ್ನಿಗೆ ಜಿಂಕೆಗೆ ಹಾರಿಸುವುದು ಒಂದೋ ಎರಡೋ ಈಡು. ಪೆಟ್ರೋಲು, ಬಿಯರಿಗೆ ಆಗುವ ಖರ್ಚಿನ ಮುಂದೆ ಇದು ಯಾವ ಲೆಕ್ಕ? ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸ ಪೂರ್ತಿ ಬಂದ್, ಅಲ್ಲಿ ಅದಕ್ಕೆ ಮುಖ್ಯ ಕಾರಣ ಸೀಸ ತಿಂದು ಸಾಯುತ್ತಿದ್ದ ಕಾಂಡರ್ ರಣಹದ್ದುಗಳು. ಡೆನ್ಮಾರ್ಕಿನವರು ಸೀಸದ ಚರೆಯನ್ನು 1996ರಲ್ಲೇ ಬಿಟ್ಟರು, 2024ರಲ್ಲಿ ರೈಫಲ್ ಗುಂಡೂ ನಿಂತಿತು. ಅಲ್ಲಿ ಯಾರೂ ಬೇಟೆ ಬಿಟ್ಟು ಮನೆಯಲ್ಲಿ ಕೂತಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಅಡುಗೆ ಹಾಕುವಾಗ ಒಂದು ಸಾಲು ಸೇರಿಸಿ: ಮಾಂಸ ಕೊಟ್ಟವರನ್ನು ಗುಂಡು ಯಾವುದು ಅಂತ ಕೇಳಿ. ಬಿಲ್ಲಿನಿಂದ ಹೊಡೆದದ್ದಾದರೆ ಯೋಚನೆಯೇ ಬೇಡ. ಸೀಸವಾದರೆ ಕೀಮಾ ಬೇಡ ಅನ್ನಿ, ಗಾಯದಿಂದ ದೂರದ ಹಿಂದೊಡೆಯ ಇಡೀ ತುಂಡು ಕೇಳಿ, ಬಸುರಿ ಮತ್ತು ಮಕ್ಕಳಿರುವ ಮನೆಯಾದರೆ ಅದೂ ಬೇಡ. ಬಿಟ್ಟಿ ಕೊಟ್ಟವರನ್ನು ಹೀಗೆಲ್ಲ ಕೇಳಲು ನಮಗೆ ಸಂಕೋಚ, ನನಗೂ ಇತ್ತು. ಕೇಳಿದ್ದಕ್ಕೆ ನನ್ನ ಸಹೋದ್ಯೋಗಿ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ವರ್ಷ ಗೊಣಗಿ ಕೊನೆಗೆ ತಾಮ್ರಕ್ಕೆ ಬದಲಾದ, ಈಗ ಮನೆಯಲ್ಲೇ ಕತ್ತರಿಸಿ ಕೀಮಾ ಮಾಡುತ್ತಾನೆ. ಈ ಸಲದ ಪೊಟ್ಟಣ ಫ್ರೀಜರಿನಲ್ಲಿದೆ. ಕಾಚಂಪುಳಿ ಖಾಲಿಯಾಗಿದೆ, ಊರಿಂದ ಯಾರಾದರೂ ಬರುವವರೆಗೆ ಕಾಯಬೇಕು.

— ಕೊಡಗಿನ ಒಬ್ಬ ಓದುಗ, ಮಿನೆಸೋಟ