ಲೇ ಬಾತುಕೋಳಿ, ನಮ್ಮೂರಲ್ಲಿ ರಿಗ್ ಅಂದ್ರೆ ಬೋರ್‌ವೆಲ್ಲೇ

ಲೇ ಬಾತುಕೋಳಿ,

ಫೋನ್ ಮಾಡಿದ್ರೆ ಎತ್ತಲ್ಲ, ವಾಟ್ಸಾಪಲ್ಲಿ ಬರೀ ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ಅದಕ್ಕೇ ನಾಲ್ಕು ಜನ ಓದೋ ಕಡೆ ಬರೀತಿದೀನಿ. ಹೆದರಬೇಡ, ಸಬ್ಬಕ್ಕಿ ಪಾಯಸದ ವಿಷಯ ಎತ್ತಲ್ಲ.

ದೋಣಿ ತಂದೆ ಕಣೋ. ಎಂಟರ್‌ಪ್ರೈಸ್! ಅದೇ ನೀಲಿ ಹಾಯಿ, ಇಬ್ಬರೇ ಕೂರೋದು. ಜ್ಯಾಕ್ ಹೋಲ್ಟ್ 1956ರಲ್ಲಿ ಇದರ ನಕ್ಷೆ ಬರೆದಿದ್ದೇ ಜನ ಮನೇಲಿ ಪ್ಲೈವುಡ್ ಕೊಯ್ದು ಕಟ್ಟಿಕೊಳ್ಳಲಿ ಅಂತ. ಮದ್ರಾಸಲ್ಲಿ ಟೊಮೆಟೊ ಇಳಿಸಿ ಖಾಲಿ ಬರ್ತಿದ್ದ ಲಾರೀಲಿ ಕೋಲಾರಕ್ಕೆ ಬಂದಿಳಿಯಿತು. ಡ್ರೈವರ್ ಬಾಡಿಗೆ ತಗೊಂಡು, 'ಇದಕ್ಕೆ ನೀರೆಲ್ಲಿ ಸಾರ್?' ಅಂದ.

ನ್ಯಾಯವಾದ ಪ್ರಶ್ನೆ. ವರ್ಷವಿಡೀ ಹರಿಯೋ ನದಿಯಿಲ್ಲ, ನಾಲೆಯಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬರ್ತಿದೆ, ಬೆಂಗಳೂರಿನ ಬಚ್ಚಲು ತೊಳೆದು ಕಳಿಸಿದ ನೀರು. ಹಲಸೂರು ಕೆರೇಲಿ ಮಗುಚಿದಾಗೆಲ್ಲ ನಾವಿಬ್ಬರೂ ಸಾಕಷ್ಟು ಕುಡಿದಿದ್ದೀವಿ, ಹೊಸದೇನಲ್ಲ ಬಿಡು. ಶೆಡ್ ಮುಂದೆ ಮಾಸ್ಟ್, ಅಂದ್ರೆ ಹಾಯಿ ಕಂಬ, ಎತ್ತಿ ನಿಲ್ಲಿಸಿದ ದಿನ ಯಾರೋ ಬೈಕ್ ನಿಲ್ಲಿಸಿ ಏನ್ಮಾಡ್ತಿದೀರಿ ಅಂದ್ರು. ರಿಗ್ಗಿಂಗ್ ಅಂದೆ, ಕಂಬ, ಹಾಯಿ, ವೈರು ಕಟ್ಟೋ ಕೆಲಸ. 'ಎಷ್ಟು ಅಡಿಗೆ ಬಿತ್ತು?'

ದೋಣಿ ನಡುವಿಂದ ನೀರಿಗಿಳಿಸೋ ಹಲಗೆ ಇರುತ್ತಲ್ಲ, ಸೆಂಟರ್‌ಬೋರ್ಡ್, ಅದರ ಕೇಸಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರೆ ಮುದ್ದೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯ್ತು. ಕೊಳೆತಿದ್ದನ್ನ ಕೆತ್ತಿ ತೆಗೆದು, ಎರಡು ತಿಂಗಳು ಒಣಗಿಸಿ, ಮರೈನ್ ಪ್ಲೈ ತೇಪೆ ಹಾಕಿ, ಎಪಾಕ್ಸಿ ಬಳಿದೆ. ಎಲ್ಲಿ ಸೋರುತ್ತೆ ಅಂತ ನೋಡೋಕೆ ಟ್ಯಾಂಕರ್ ನೀರನ್ನ ದೋಣಿಯೊಳಗೇ ನಾಲ್ಕು ಬಿಂದಿಗೆ ಸುರಿದೆ. ಪಕ್ಕದ ಮನೆ ಅಜ್ಜಿ ನೋಡಿ ನನ್ನ ಹೆಂಡತಿ ಹತ್ರ ಏನೋ ಪಿಸುಗುಟ್ಟಿದರು. ಕೊನೆಗೆ ಟೊಮೆಟೊ ಮಂಡಿ ತಕ್ಕಡೀಲಿ ದೋಣೀನ ತೂಗಿಸಿದೆ. 103 ಕೆ.ಜಿ. ಹದಿನೈದು ಕೆ.ಜಿ. ಟೊಮೆಟೊ ಬಾಕ್ಸ್ ಲೆಕ್ಕದಲ್ಲಿ ಏಳಕ್ಕೆ ಸ್ವಲ್ಪ ಕಮ್ಮಿ. ರೇಸ್ ನಿಯಮದ ಕನಿಷ್ಠ ತೂಕ 94. ಒಂಬತ್ತು ಕೆ.ಜಿ. ಪುಟ್ಟಿ ಹೊತ್ತುಕೊಂಡು ಹುಸೇನ್ ಸಾಗರದಲ್ಲಿ ರೇಸ್ ಮಾಡ್ಬೇಕು.

ಅಲ್ಲೀವರೆಗೂ ಖುಷಿಯಾಗೇ ಇದ್ದೆ. ಹೋದ ಭಾನುವಾರ ಮಾಸ್ಟನ್ನ ಎಳೆದು ಹಿಡಿಯೋ ಹೊಸ ಸ್ಟೇ ವೈರ್ ಕಟ್ಟೋಕೆ ಕೂತೆ. ಮಾಸ್ಟ್ ತುದಿಯಿಂದ ಹಿಂದಿನ ಹಲಗೆಗೆ ಟೇಪ್ ಇಳಿಬಿಟ್ಟು, ವಾಲು ನೋಡಿ, ಬಲಗಡೆ ವೈರನ್ನ ಒಂದು ತೂತು ಮೇಲಕ್ಕೆ ತಂದು ಪಿನ್ ತೂರಿಸಿದೆ. ಪಿನ್ನಿನ ತುದಿಗೆ ಹಾಕೋ ರಿಂಗ್ ಇದೆಯಲ್ಲ, ಬೀಗದ ಕೈ ಗೊಂಚಲಿನ ರಿಂಗ್ ಥರದ್ದು, ಹುಣಸೆ ಬೀಜದಷ್ಟು. ಅದನ್ನ ಆಮೇಲೆ ಹಾಕೋಣ ಅಂತ ಜೇಬಿಗೆ ಹಾಕ್ಕೊಂಡೆ. ಹಾಕ್ಕೊಂಡ ಕೈ ಅಲ್ಲೇ ನಿಂತುಬಿಡ್ತು.

ನಮ್ಮ ಮಾಸ್ಟ್ ಮುರಿದ ರೇಸ್ ನೆನಪಿದೆಯಾ? ಸಡಿಲ ಇದ್ದ ಕಡೆ ಪಿನ್ ಅಲ್ಲಾಡಿ ಅಲ್ಲಾಡಿ ಬಿದ್ದುಹೋಗಿ, ನಾವು ತಿರುಗಿಸಿದ ಕೂಡಲೇ ಗಾಳಿಯ ಭಾರ ಅದೇ ವೈರಿಗೆ ಬಿದ್ದು... ಮುಂದೆ ಕೂತು ಕೈಜೋಡಿಸೋ ಕ್ರೂ ನೀನು, ಅದಕ್ಕೇ ತಪ್ಪು ನಿಂದು ಅಂದ್ರು. ಎನ್‌ಸಿಸಿ ಕ್ಯಾಂಪ್ ಲಿಸ್ಟಿಂದ ನಿನ್ನ ಹೆಸರು ಹೊಡೆದುಹಾಕಿದ್ರು. ನಾನು ಇನ್ನೊಬ್ಬನ ಜೊತೆ ಹೋದೆ. ನೀನು ಮತ್ತೆ ದೋಣಿ ಹತ್ತಲಿಲ್ಲ.

ಆ ಕಡೆ ಪಿನ್ ಹಾಕಿದ್ದು ನಾನು. ಅವತ್ತು ಸಂಜೆ ಕೋಲಾರದ ಬಸ್ಸಲ್ಲಿ ಟಿಕೆಟ್ಟಿಗೆ ಚಿಲ್ಲರೆ ಹುಡುಕೋವಾಗ ರಿಂಗ್ ಕೈಗೆ ಸಿಕ್ತು. ಹೊಸಕೋಟೆ ದಾಟಿದ ಮೇಲೆ ಕಿಟಕಿಯಿಂದಾಚೆ ಎಸೆದೆ. ನೀನು ನೋಡಿದ್ರೆ ಮಾರನೇ ಬೆಳಗ್ಗೆ ಕ್ಯಾಂಟೀನಲ್ಲಿ ನಂಗೇ ಟೀ ಕೊಡಿಸಿ, 'ಇರಲಿ ಬಿಡೋ, ಕೈ ತಪ್ಪಿರುತ್ತೆ' ಅಂದೆ. ನಿನ್ನದೇ ಕೈ ಅಂದುಕೊಂಡಿದ್ದೆ ನೀನು.

ಸರಿ. ಇಷ್ಟೆಲ್ಲ ಬರೀಬೇಕು ಅಂತ ಕೂತಿರಲಿಲ್ಲ, ಎಪಾಕ್ಸಿ ವಾಸನೆ ತಲೆಗೇರಿರಬೇಕು. ಓದ್ತಿರೋ ಉಳಿದವರು ದಯವಿಟ್ಟು 'ಕಣ್ಣು ತುಂಬಿ ಬಂತು' ಅಂತ ಕಾಮೆಂಟ್ ಹಾಕಬೇಡಿ. ಐವತ್ತರ ಹತ್ರ ಬಂದೋನು, ನೀರಿಲ್ಲದ ಊರಲ್ಲಿ ದೋಣಿ ಇಟ್ಟುಕೊಂಡೋನು, ಮಂಡಿ ಹಮಾಲರ ಬಾಯಲ್ಲಿ 'ಕ್ಯಾಪ್ಟನ್ನು'. ಅಷ್ಟು ಸಾಕು.

ಮುಂದಿನ ಸೀಟು ಖಾಲಿ ಇದೆ. ಜಿಬ್, ಅಂದ್ರೆ ಮುಂದಿನ ಸಣ್ಣ ಹಾಯಿ, ಹಿಡಿಯೋಕೆ ಮಂಡಿ ಹುಡುಗನೊಬ್ಬನನ್ನ ಕೂರಿಸಿ ನೋಡಿದೆ, ಆಚೆ ವಾಲುವಾಗ ಪಾದ ಸಿಕ್ಕಿಸಿಕೊಳ್ಳೋ ಟೋ ಸ್ಟ್ರಾಪಿಗೆ ಕಾಲು ಸಿಗಲ್ಲ. ಸ್ಟ್ರಾಪ್ ಕಟ್ಟಿರೋದೇ ನಿನ್ನ ಕಾಲಿನ ಅಂದಾಜಲ್ಲಿ. ಟೈಲರ್ ಹತ್ರ ಹೋಗಿ ಪ್ಯಾಂಟಿನ ಉದ್ದ ಅಳೆಸಿ ಕಳಿಸು. ಸೊಂಟದ್ದು ಬೇಡ, ದೋಣಿ ಆಗಲೇ ಒಂಬತ್ತು ಕೆ.ಜಿ. ಜಾಸ್ತಿ ಇದೆ.

ನಿನ್ನ,
ಬಾತುಕೋಳಿ ನಂಬರ್ ಒಂದು